36ನೇ ಸ್ಥಾನ, 65 ಅಂಕ

ಮಹಾಕೂಟೇಶ್ವರ ಗುಡಿಯ ಪುಷ್ಕರಿಣಿಯ ಮೆಟ್ಟಿಲ ಮೇಲೆ ಇಬ್ಬರು ಕುಳಿತಿದ್ದಾರೆ. ಒಬ್ಬರು ಮೈಸೂರಿನ ಐಡಿಯಲ್ ಜಾವಾ ಕಾರ್ಖಾನೆಯಲ್ಲಿ ಎಂಜಿನ್ ಜೋಡಿಸುತ್ತಿದ್ದವರು. 1996ರಲ್ಲಿ ಅದು ಮುಚ್ಚಿದ ಮೇಲೆ ಬಾದಾಮಿಗೆ ಮರಳಿದವರು. ಇನ್ನೊಬ್ಬಳು ಅವರ ತಂಗಿಯ ಮಗಳು. ಊರು ಇಳಕಲ್, ಕೆಲಸ ಬೆಂಗಳೂರಲ್ಲಿ, ರಜೆ ಸಿಕ್ಕರೆ ಮಣ್ಣಿನ ಹಾದಿಯಲ್ಲಿ ಬೈಕು. ಬಾದಾಮಿಯಿಂದ ಬರುವಾಗಲೇ ಶುರುವಾದ ವಾದ ಇಲ್ಲಿ ಮುಂದುವರಿದಿದೆ.

– ನೀ ಏನರ ಅನ್ನು ಅವ್ವಾ, ನಮ್ಮ ಕರ್ನಾಟಕದಾಗ ಹುಟ್ಟಿ ರೇಸಿಗೆ ಇಳಿದವರೊಳಗ ಎಲ್ಲರಿಗಿಂತ ದೊಡ್ಡಾವ ಅಂದ್ರ ಬೈಕ್ ರ‍್ಯಾಲಿಯ ಸಿ.ಎಸ್. ಸಂತೋಷ್. ಇದರಾಗ ನನಗ ಅನುಮಾನ ಇಲ್ಲ.

– ಸಂತೋಷ್ ಅವರ ಮ್ಯಾಲ ನನಗೂ ಗೌರವ ಐತಿ ಮಾಮಾ. ಆದ್ರ ಲೆಕ್ಕ ನೋಡ್ರಿ. ಡಕಾರ್ ರ‍್ಯಾಲಿಯೊಳಗ 2015ರಾಗ 36ನೇ ಸ್ಥಾನ, 2017ರಾಗ 47, 2018ರಾಗ 34. ಈಗ ಐಶ್ವರ್ಯಾ ಪಿಸ್ಸೆ ಅವರನ್ನ ತಗೋರಿ. ಬೆಂಗಳೂರಿನ ಹುಡುಗಿ. 2019ರಾಗ ಎಫ್‌ಐಎಂ ಬಾಹಾ ಬೈಕ್ ರ‍್ಯಾಲಿ ವಿಶ್ವಕಪ್ಪಿನ ಮಹಿಳಾ ವಿಭಾಗ ಗೆದ್ದರು. ಮೋಟಾರ್ ಕ್ರೀಡೆಯೊಳಗ ವಿಶ್ವ ಪಟ್ಟ ಈ ದೇಶಕ್ಕ ಮೊದಲು ತಂದವರು ಅವರು, ಗಂಡಸರನ್ನೂ ಹಿಡಿದು ಹೇಳ್ತೀನಿ. ಪಟ್ಟ ಇದ್ದವರನ್ನ ಬದಿಗಿಟ್ಟು ಇಲ್ಲದವರನ್ನ ಮ್ಯಾಲ ಕೂಡಸಬೇಕಂದ್ರ ನೀವು ಕಾರಣ ಹೇಳಬೇಕು.

– ಹೇಳ್ತೀನಿ. ಪಟ್ಟ ಅಂದ್ರ ಒಂದು ಹಂಗಾಮಿನ ಕೂಡು-ಕಳೆ ಲೆಕ್ಕ. ಆ ಲೆಕ್ಕ ಹೆಂಗ ಹಾಕಬೇಕು ಅನ್ನೋದನ್ನ ಯಾರೋ ಕುಂತು ಮೊದಲ ಬರದಿಟ್ಟಿರ್ತಾರ. 1988ರ ಫಾರ್ಮುಲಾ ಒನ್ ತಗೋ. ವರ್ಷಪೂರ್ತಿ ಗಳಿಸಿದ್ದನ್ನ ಕೂಡಿಸಿದ್ರ ಅಲೈನ್ ಪ್ರಾಸ್ಟ್ 105, ಅಯರ್ಟನ್ ಸೆನ್ನಾ 94. ಪಟ್ಟ ಕಟ್ಟಿದ್ದು ಸೆನ್ನಾಗ! 16 ರೇಸಿನೊಳಗ ಚಲೋ ಬಂದ 11ರ ಅಂಕ ಮಾತ್ರ ಹಿಡಿಬೇಕು ಅಂತ ಆಗ ನಿಯಮ ಇತ್ತು. ಹಂಗ ಹಿಡಿದ್ರ ಸೆನ್ನಾ 90, ಪ್ರಾಸ್ಟ್ 87. ಇಬ್ಬರೂ ಒಂದೇ ತಂಡ, ಒಂದೇ ಥರದ ಕಾರು. ನಿಯಮ ಬ್ಯಾರೆ ಇದ್ದಿದ್ರ ಆ ವರ್ಷದ ಹೆಸರೇ ಬ್ಯಾರೆ ಆಗ್ತಿತ್ತು.

– ಆದ್ರ ಆ ನಿಯಮ ಮೊದಲ ರೇಸಿಗಿಂತ ಮುಂಚೇನ ಇಬ್ಬರಿಗೂ ಗೊತ್ತಿತ್ತಲ್ಲ. ಆ ವರ್ಷ ಸೆನ್ನಾ 8 ರೇಸ್ ಗೆದ್ದ, ಪ್ರಾಸ್ಟ್ 7. ಗೆಲುವಿಗೆ ಹೆಚ್ಚು ಬೆಲೆ ಕೊಡೋ ನಿಯಮ ಅದು, ಹೆಚ್ಚು ಗೆದ್ದಾವಂಗ ಪಟ್ಟ ಬಂತು. ಇದರಾಗ ತಪ್ಪೇನೈತಿ?

– ತಪ್ಪು ಅನ್ನಲಿಲ್ಲ ನಾ. ಸೆನ್ನಾಗ ಸಲ್ಲಬೇಕಾದ್ದು ಸಂದಿತು. ನಾ ಕೇಳೋದು ಬ್ಯಾರೆ: ಆ 3 ಅಂಕದಿಂದ ಪ್ರಾಸ್ಟ್ ಆ ವರ್ಷ ಸಣ್ಣಾವ ಆದನೇನು? ನಮ್ಮ ನಾರಾಯಣ್ ಕಾರ್ತಿಕೇಯನ್ ಅವರನ್ನ ನೋಡು. ಫಾರ್ಮುಲಾ ಒನ್‌ಗೆ ಹೋದ ಮೊದಲ ಭಾರತೀಯ. 2005ರಾಗ ಅಮೆರಿಕದ ಇಂಡಿಯಾನಾಪೊಲಿಸ್‌ದಾಗ ಟೈರಿನ ತಕರಾರು ಎದ್ದು 14 ಕಾರು ಹಿಂದ ಸರಿದ್ವು, 6 ಕಾರಷ್ಟ ಓಡಿದ್ವು. ಕಾರ್ತಿಕೇಯನ್ 4ನೇ ಸ್ಥಾನ, 5 ಅಂಕ. ಫಾರ್ಮುಲಾ ಒನ್‌ದಾಗ ಅವರು ಗಳಿಸಿದ್ದೆಲ್ಲಾ ಆ 5 ಅಂಕ. ಅವರ ಕೈ ಎಂಥಾದ್ದು ಅನ್ನೋದನ್ನ ಆ 5ರಿಂದ ಅಳೆದ್ರೂ ತಪ್ಪು, ಉಳಿದ ರೇಸಿನ ಸೊನ್ನಿಯಿಂದ ಅಳೆದ್ರೂ ತಪ್ಪು. ಅವರು ಕುಂತ ಜೋರ್ಡನ್ ಕಾರು ಆ ಹಂಗಾಮಿನ್ಯಾಗ ಹಿಂದಿನ ಸಾಲಿನದು.

– ಹಂಗಾದ್ರ ನಿಮ್ಮ ವಾದ ನಿಯಮದ ಮ್ಯಾಲಲ್ಲ, ಗಾಡಿ ಮ್ಯಾಲ.

– ಎರಡರ ಮ್ಯಾಲೂ. ಗಾಡಿ ವಿಷಯ ನನಗ ಮೈಸೂರು ಕಲಿಸೇತಿ. ಒಂದೇ ಅಚ್ಚು, ಒಂದೇ ಅಳತಿ, ಒಬ್ಬನೇ ಜೋಡಿಸಿದ ಎರಡು 250 ಸಿಸಿ ಎಂಜಿನ್ ಹೊರಗ ಬಂದ ಮ್ಯಾಲ ಒಂದೇ ಥರಾ ಎಳಿಯೋದಿಲ್ಲ. ಸಿಲಿಂಡರಿನ ಪೋರ್ಟ್ ಒಂದು ಕೂದಲೆಳಿಯಷ್ಟು ಎತ್ತರ ಆದ್ರ ಸಾಕು, ಎಂಜಿನ್ನಿನ ಗುಣ ಬದಲಾಗ್ತೈತಿ. ರೇಸಿಗೆ ಹೊಂದಿಸಿದ ನಮ್ಮ ಕಾರ್ಖಾನೆಯ ಯೆಜ್ಡಿ ಬೈಕು ಮದ್ರಾಸ್ ಹತ್ರದ ಷೋಲಾವರಂ ರೇಸ್ ಹಾದ್ಯಾಗ ಓಡಿದ್ರ ಪೇಪರಿನ್ಯಾಗ ಓಡಿಸಿದವನ ಹೆಸರು ಬರ್ತಿತ್ತು. ರಾತ್ರಿಯೆಲ್ಲಾ ಕುಂತು ಪೋರ್ಟ್ ಉಜ್ಜಿದವನ ಹೆಸರು ಬರ್ತಿದ್ದಿಲ್ಲ. ನಮ್ಮ ಕಡೆ ತೆರಬಂಡಿ ಸ್ಪರ್ಧೆಯೊಳಗ ಮಂದಿಗೆ ಈ ತಿಳುವಳಿಕೆ ಐತಿ ನೋಡು. ಗೆದ್ದ ಕೂಡಲೆ ಎತ್ತು ಯಾವ ಊರಿನವು ಅಂತ ಕೇಳ್ತಾರ, ಹೊಡದಾವ ಯಾರು ಅಂತ ಆಮ್ಯಾಲ. ಕಾರಿನ ರೇಸಿನ್ಯಾಗ ಆ ಕ್ರಮ ತಿರುಗಾಮುರುಗಾ.

– ಒಪ್ಪಿದೆ. ಆದ್ರ ಎತ್ತು ಬದಲಾದ್ರೂ ಹೊಡಿಯಾವ ಗೆಲ್ಲಕೋತ ಹೋದ್ರ? ಹುವಾನ್ ಮ್ಯಾನುಯೆಲ್ ಫಾಂಜಿಯೊ 1951ರಿಂದ 1957ರೊಳಗ 5 ಪಟ್ಟ ಗೆದ್ದ. ಆಲ್ಫಾ ರೋಮಿಯೊ, ಮರ್ಸಿಡಿಸ್, ಫೆರಾರಿ, ಮಾಸೆರಾಟಿ, ನಾಕು ಕಂಪನಿಯ ಗಾಡಿ ಮ್ಯಾಲ. ಇಲ್ಲಿ ಪಟ್ಟ ಮನಶ್ಯಾನ ಬಗ್ಗೆನ ಮಾತಾಡ್ತೈತಿ.

– ಹೌದು, ಫಾಂಜಿಯೊ ವಿಷಯದಾಗ ಮಾತಾಡ್ತೈತಿ. ಯಾಕ ಗೊತ್ತೇನು? ನಾವು ಅವನ 5 ಪಟ್ಟ ಎಣಿಸಿ ಸುಮ್ಮನಾಗಲಿಲ್ಲ, ಅದರ ಹಿಂದ ಏನೈತಿ ಅಂತ ಬಿಚ್ಚಿ ನೋಡಿದ್ವಿ. ನಾಕು ಕಂಪನಿ, 51 ರೇಸಿನ್ಯಾಗ 24 ಗೆಲುವು, 46ನೇ ವಯಸ್ಸಿನ್ಯಾಗ ನ್ಯೂರ್‌ಬರ್ಗ್‌ರಿಂಗ್‌ದಾಗ ಮುಂದಿದ್ದ ಎರಡು ಫೆರಾರಿಗಳನ್ನ ಬೆನ್ನಟ್ಟಿ ಹಿಡಿದದ್ದು. ಹಂಗ ಬಿಚ್ಚಿ ನೋಡೋ ಕೆಲಸ ಎಲ್ಲರಿಗೂ ಮಾಡ್ರಿ ಅನ್ನೋದ ನನ್ನ ವಾದ. ಪಟ್ಟ ಇದ್ದವರಿಗೂ ಮಾಡ್ರಿ, ಇಲ್ಲದವರಿಗೂ ಮಾಡ್ರಿ. ಸ್ಟರ್ಲಿಂಗ್ ಮಾಸ್‌ಗೆ ಮಾಡ್ರಿ.

– ನಿಮ್ಮ ಮಾತು ಮಾಸ್ ಕಡೆ ತಿರುಗ್ತೈತಿ ಅಂತ ನನಗ ಮೊದಲ ಗೊತ್ತಿತ್ತು.

– ತಿರುಗಲೇಬೇಕು. 66 ಗ್ರಾನ್ ಪ್ರಿ ರೇಸು, 16 ಗೆಲುವು, ಪಟ್ಟ ಒಂದೂ ಇಲ್ಲ. 1955ರಿಂದ 1958ರ ತನಕ ಸಾಲಾಗಿ ನಾಕು ವರ್ಷ ಎರಡನೇ ಸ್ಥಾನ. 1955ರಾಗ ಇಟಲಿಯ ಮಿಲ್ಲೆ ಮಿಲ್ಯ ಅನ್ನೋ ಸಾವಿರ ಮೈಲಿನ ರಸ್ತಾ ರೇಸು 10 ತಾಸು 7 ನಿಮಿಷ 48 ಸೆಕೆಂಡಿನ್ಯಾಗ ಮುಗಿಸಿದ. ಪಕ್ಕದಾಗ ಕುಂತ ಡೆನಿಸ್ ಜೆಂಕಿನ್ಸನ್ ಅನ್ನೋ ಪತ್ರಕರ್ತ ಪ್ರತಿ ತಿರುವನ್ನೂ ಮೊದಲ ಬರಕೊಂಡಿದ್ದ. ಆ ಉದ್ದನ್ನ ಕಾಗದದ ಸುರುಳಿ ಬಿಚ್ಚಿಕೋತ, ಕೈ ಸನ್ನಿಯಿಂದ ದಾರಿ ಹೇಳಕೋತ ಕುಂತಿದ್ದ. ಇವತ್ತು ರ‍್ಯಾಲಿಯವರು ಮಾಡೋ ಕೆಲಸ ಅದು. ಆದ್ರ ಮಾಸ್ ಬಗ್ಗೆ ನಾ ಹೇಳಬೇಕಂದದ್ದು ಅದಲ್ಲ. 1958ರ ಪೋರ್ಟೊ.

– ಹೇಳ್ರಿ. ಪೂರಾ ಹೇಳ್ರಿ.

– ಆ ವರ್ಷ ಮಾಸ್‌ಗೂ ಮೈಕ್ ಹಾಥಾರ್ನ್‌ಗೂ ಪಟ್ಟದ ಪೈಪೋಟಿ. ಪೋರ್ಚುಗಲ್ಲಿನ ಪೋರ್ಟೊ ಊರಿನ ಬೀದ್ಯಾಗ ರೇಸು. ಮಾಸ್ ಗೆದ್ದ. ಹಿಂದ ಹಾಥಾರ್ನ್ ಕಡೀ ಸುತ್ತಿನ್ಯಾಗ ಗಾಡಿ ಗಿರ್ರ್ ಅಂತ ತಿರುಗಿ ನಿಂತು ಎಂಜಿನ್ ಬಂದ್ ಆತು. ಅದನ್ನ ನೋಡಿದ ಮಾಸ್, ಇಳುಕಲಿಗೆ ತಳ್ಳಿ ಚಾಲು ಮಾಡು ಅಂತ ಕೂಗಿ ಹೇಳಿದ. ಹಾಥಾರ್ನ್ ಹಂಗ ಮಾಡಿ ಎರಡನೇ ಸ್ಥಾನಕ್ಕ ಬಂದ. ಆಮ್ಯಾಲ ಅಧಿಕಾರಿಗಳು ರೇಸಿನ ದಿಕ್ಕಿಗೆ ಎದುರು ಗಾಡಿ ಓಡಿಸಿದ ಅಂತ ಅವನನ್ನ ಹೊರಗ ಹಾಕಲಿಕ್ಕೆ ಹೊಂಟ್ರು. ಮಾಸ್ ತಾನಾಗೇ ಅವರ ಮುಂದ ಹೋಗಿ ಸಾಕ್ಷಿ ಹೇಳಿದ: ಗಾಡಿ ರೇಸಿನ ಹಾದಿ ಮ್ಯಾಲ ಇರಲಿಲ್ಲ, ಪಾದಚಾರಿ ದಾರಿ ಮ್ಯಾಲ ಇತ್ತು. ಹಾಥಾರ್ನ್‌ದು 7 ಅಂಕ ಉಳೀತು. ಹಂಗಾಮು ಮುಗಿದಾಗ ಹಾಥಾರ್ನ್ 42, ಮಾಸ್ 41. ಆ ವರ್ಷ ಮಾಸ್ ಗೆದ್ದದ್ದು 4 ರೇಸು, ಹಾಥಾರ್ನ್ ಗೆದ್ದದ್ದು ಒಂದು. ಬಾಯಿ ಮುಚ್ಚಿಕೊಂಡು ಕುಂತಿದ್ರ ಸಾಕಿತ್ತು ಅವ್ವಾ, ಚಾಂಪಿಯನ್ ಆಗಿರ್ತಿದ್ದ. ಪಟ್ಟ ಒಂದೇ ದೊಡ್ಡದು ಅಂತ ನೀ ಹಿಡಿದ್ರ, ಅವತ್ತು ಪೋರ್ಟೊದಾಗ ಅವ ಮಾಡಿದ್ದು ತಪ್ಪು ಅಂತ ಹೇಳಬೇಕಾಗ್ತೈತಿ. ನಿನ್ನ ಬಾಯಿಲೆ ಆ ಮಾತು ಬರ್ತೈತೇನು?

– ಬರೋದಿಲ್ಲ. ಅದನ್ನ ಯಾರಿಂದಲೂ ಸಣ್ಣದು ಮಾಡಾಕ ಆಗೂದಿಲ್ಲ. ಆದ್ರ ಮಾಮಾ, ನನ್ನನ್ನ ಕಾಡೋದು ಬ್ಯಾರೆ. ಆ ಕಥಿ ನಿಮಗ ಹೆಂಗ ಗೊತ್ತಾತು? ಇಂಗ್ಲೆಂಡಿನ ಪತ್ರಿಕೆಯವರು ಬರದ್ರು, ಪುಸ್ತಕ ಬಂದ್ವು, ಸಿನಿಮಾ ಸುರುಳಿ ಉಳದ್ವು. ಮಾಸ್‌ನ ತಂದೆನೂ ರೇಸ್ ಓಡಿಸಿದವರು. ಪಟ್ಟ ಇಲ್ಲದಿದ್ರೂ ಅವನ ಹೆಸರು ಕಾಯಾಕ ಒಂದು ದೇಶಾನ ನಿಂತಿತ್ತು. ಪಟ್ಟ ಬ್ಯಾಡ ಅಂತ ಹೇಳೋದು ಅಂಥವರಿಗೆ ಸಲೀಸು. ಬೆಂಗಳೂರಿನ ಒಬ್ಬ ಹುಡುಗಿ ಮಣ್ಣಿನ ಹಾದ್ಯಾಗ ಎಷ್ಟು ಚಂದ ಓಡಿಸಿದಳು ಅಂತ ಯಾರು ಬರದಿಡ್ತಾರ? ಪಟ್ಟ ಬರೋಕಿಂತ ಮೊದಲು ಐಶ್ವರ್ಯಾ ಹೆಸರು ಈ ಬಾಗಲಕೋಟಿ ಜಿಲ್ಲೆಯೊಳಗ ಎಷ್ಟು ಮಂದಿಗೆ ಗೊತ್ತಿತ್ತು? ಹೇಳಾಕ ಯಾರೂ ಇಲ್ಲದವರ ಪರವಾಗಿ ಪಟ್ಟ ಒಂದೇ ಮಾತಾಡ್ತೈತಿ. ಅದನ್ನ ಯಾರೂ ಅಳಿಸಾಕ ಆಗೂದಿಲ್ಲ, ನಂಬಾಕ ಯಾರ ಶಿಫಾರಸೂ ಬೇಕಾಗಿಲ್ಲ.

– ಈ ಮಾತಿಗೆ ನನ್ನ ಹತ್ರ ಉತ್ತರ ಇಲ್ಲ. ಆದ್ರ ಕೇಳೇ ಬಿಡ್ತೀನಿ, ಯಾಕಂದ್ರ ಕೇಳಾವರು ಬಾಳ ಮಂದಿ ಅದಾರ. ಅದು ಮಹಿಳಾ ವಿಭಾಗದ ಪಟ್ಟ. ಎದುರಿಗೆ ಇದ್ದವರು ಕಡಿಮಿ ಅಂತಾರಲ್ಲ?

– ಅಂತಾರ. ಅವರಿಗೆ ನಾ ಹೇಳೋದು ಇಷ್ಟ: ಬಾಹಾ ರ‍್ಯಾಲಿಯೊಳಗ ಹೆಂಗಸರಿಗೆ ಅಂತ ಬ್ಯಾರೆ ಮರಳು ಹಾಸೋದಿಲ್ಲ. ಗಂಡಸರು ಹಾಯ್ದ ಕಲ್ಲು, ಅದೇ ಬಿಸಿಲು, ಅದೇ ದೂರ. ಅದೇ ವರ್ಷ ಜೂನಿಯರ್ ವಿಭಾಗದಾಗೂ ಅವರು ಎರಡನೇ ಸ್ಥಾನಕ್ಕ ಬಂದಾರ. ಹಿಂದಿನ ವರ್ಷ, 2018ರಾಗ, ಸ್ಪೇನಿನ ಅರಗಾನ್ ಬಾಹಾದಾಗ ಬಿದ್ದು ಮೇದೋಜೀರಕ ಗ್ರಂಥಿಗೆ ಪೆಟ್ಟಾಗಿತ್ತು. ಅದಕ್ಕೂ ಮುಂಚೆ ಕಾಲರ್ ಎಲುಬು ಮುರಿದು ಉಕ್ಕಿನ ಪಟ್ಟಿ ಕೂಡಿಸಿದ್ರು. ಬಿದ್ದ ಅದೇ ರೇಸಿಗೆ 2019ರಾಗ ತಿರುಗಿ ಹೋದರು. ಈಗ ಅಂಕ ಹೇಳ್ತೀನಿ ಕೇಳ್ರಿ. ದುಬೈದಾಗ ಗೆಲುವು, 25. ಪೋರ್ಚುಗಲ್ಲಿನ್ಯಾಗ ಮೂರನೇ ಸ್ಥಾನ, 16. ಸ್ಪೇನಿನ್ಯಾಗ ಐದನೇ ಸ್ಥಾನ, 11. ಹಂಗೇರಿಯೊಳಗ ನಾಲ್ಕನೇ ಸ್ಥಾನ, 13. ಕೂಡಿ 65. ಪೋರ್ಚುಗಲ್ಲಿನ ರೀಟಾ ವಿಯೇರಾ 61.

– ಅಂದ್ರ ಒಂದೇ ಗೆಲುವು. ಹಾಥಾರ್ನ್ ಹಂಗ.

– ಹಾಥಾರ್ನ್ ಹಂಗ. ಅದಕ್ಕ ಹಾಥಾರ್ನ್ ಮ್ಯಾಲ ನನಗ ಮಂದಿಗಿಂತ ಹೆಚ್ಚು ಅಭಿಮಾನ. ರೇಸು ಗೆಲ್ಲೋದು ಬ್ಯಾರೆ, ವರ್ಷ ಗೆಲ್ಲೋದು ಬ್ಯಾರೆ. ವರ್ಷ ಗೆಲ್ಲಬೇಕಂದ್ರ ಸೋತ ದಿನವೂ ಏನರ ಉಳಿಸಿಕೊಂಡು ಬರಬೇಕು.

– ಚಲೋ ಮಾತು. ಆದ್ರ ಗೆದ್ದವರ ಪಟ್ಟಿ ಎಷ್ಟು ನಂಬಬೇಕು ಅನ್ನೋದಕ್ಕ ಈ ಜಾಗಾನ ಸಾಕ್ಷಿ ಐತಿ. ಕ್ರಿ.ಶ. 600ರ ಸುಮಾರಿಗೆ ಚಾಲುಕ್ಯರ ಮಂಗಳೇಶ ಇಲ್ಲೇ ಒಂದು ಕಂಬ ನಿಲ್ಲಿಸಿದ್ದ. ಈಗ ಅದು ವಿಜಯಪುರದ ಗೋಳಗುಮ್ಮಟದ ವಸ್ತುಸಂಗ್ರಹಾಲಯದಾಗೈತಿ. ಅದಕ್ಕ ಧರ್ಮದ ಜಯಸ್ತಂಭ ಅಂತ ಹೆಸರು. ಅವನ ಅಣ್ಣ ಕೀರ್ತಿವರ್ಮ ವಂಗ, ಅಂಗ, ಕಳಿಂಗ, ಮಗಧ, ಕೇರಳ, ಪಾಂಡ್ಯ, ಚೋಳ ಎಲ್ಲಾ ಗೆದ್ದ ಅಂತ ಅದರ ಮ್ಯಾಲ ಕೊರೆದಾರ. ಇತಿಹಾಸ ಓದಿದವರು ಆ ಪಟ್ಟಿಯನ್ನ ಹಂಗ ಹಂಗೇ ಒಪ್ಪೋದಿಲ್ಲ. ಬಾದಾಮಿಯಿಂದ ಮಗಧದ ತನಕ ದಂಡು ಹೋಗಿ ಗೆದ್ದದ್ದಕ್ಕ ಬ್ಯಾರೆ ಆಧಾರ ಸಿಗೂದಿಲ್ಲ. ಕಲ್ಲಿನ ಮ್ಯಾಲಿನ ಗೆಲುವನ್ನ ಕಣ್ಣು ಮುಚ್ಚಿ ಒಪ್ಪದಾವರು ಕಪ್ಪಿನ ಮ್ಯಾಲಿನ ಗೆಲುವನ್ನ ಯಾಕ ಹಂಗ ಒಪ್ಪಬೇಕು?

– ಮಾಮಾ, ಆ ಕಂಬ ನನ್ನ ಪರವಾಗೇತಿ! ಅದು ಪಟ್ಟ ಅಲ್ಲ, ಹೊಗಳಿಕಿ. ಅಣ್ಣನ ಗೆಲುವನ್ನ ತಮ್ಮ ಕೊರೆಸಿದ್ದು. ಎದುರಾಳಿ ಬಂದು ಹೌದು ಅಂದದ್ದಲ್ಲ, ಮೂರನೇವರು ಅಳೆದು ಕೊಟ್ಟದ್ದಲ್ಲ. ಲೆಕ್ಕ ಇಡೋ ವ್ಯವಸ್ಥೆ ಇಲ್ಲದಿದ್ರ ಏನಾಗ್ತೈತಿ ಅನ್ನೋದಕ್ಕ ಅದು ಉದಾಹರಣಿ. ಬಲ ಇದ್ದವರ ಕಡೆ ಕಲ್ಲೂ ಇರ್ತೈತಿ, ಉಳಿನೂ ಇರ್ತೈತಿ. ನೀವು ಪಟ್ಟ ಬಿಟ್ಟು ಕಥಿ ಮ್ಯಾಲ ಶ್ರೇಷ್ಠರನ್ನ ಆರಿಸಿದ್ರ ಮತ್ತ ಕಂಬ ನಿಲ್ಲಿಸೋ ಶಕ್ತಿ ಇದ್ದವರೇ ಶ್ರೇಷ್ಠರು ಅಂತ ಆಗ್ತೈತಿ. ಕಪ್ಪಿನ ಹಿಂದ ಕನಿಷ್ಠ ಒಂದು ಗಡಿಯಾರ ಐತಿ.

– ಇದು ನಾ ಯೋಚನಿ ಮಾಡಿರಲಿಲ್ಲ. ಆದ್ರ ಬಾದಾಮಿಯ ಬಂಡಿ ಮ್ಯಾಲ ಕಪ್ಪೆ ಅರಭಟ್ಟನ ಶಾಸನಾನೂ ಐತಲ್ಲ. ಅವ ಯಾವ ಯುದ್ಧ ಗೆದ್ದ, ಯಾವ ಹುದ್ದೆಯಾಗಿದ್ದ, ಅದರಾಗ ಒಂದೂ ಇಲ್ಲ. ಎಂಥಾ ಮನಶ್ಯಾ ಅನ್ನೋದಷ್ಟ ಐತಿ. 1300 ವರ್ಷ ಆದ್ರೂ ನಾವು ಅವನ ಹೆಸರು ಹೇಳ್ತೀವಿ.

– ಹೇಳ್ತೀವಿ, ಖರೆ. ಯಾರೋ ಕೊರೆಸಿದ್ದಕ್ಕ ಹೇಳ್ತೀವಿ. ಅಂಥಾ ಗುಣದವರು ಅವತ್ತು ಎಷ್ಟು ಮಂದಿ ಇದ್ರೋ, ಅವರ ಪಾಲಿಗೆ ಬಂಡಿ ಸಿಗಲಿಲ್ಲ.

– ಸರಿ. ಇಲ್ಲಿಗೆ ನಾ ಎಷ್ಟು ಒಪ್ಪಿದೆ ಅಂತ ಹೇಳಿಬಿಡ್ತೀನಿ. ಪಟ್ಟ ಗೆದ್ದವರ ಕೈಯಾಗಿನ ಪುರಾವೆ ಅದು, ಅದನ್ನ ಕಸಗೊಳ್ಳೋ ಮಾತು ಆಡಬಾರದು. ಆದ್ರ ಅದೇ ಪುರಾವೆ ತೋರಿಸಿ ಇನ್ನೊಬ್ಬರನ್ನ ಬಾಗಿಲ ಹೊರಗ ನಿಲ್ಲಿಸಬಾರದು. ಇವರಿಗೆ ಪಟ್ಟ ಐತಿ ಅಂದ್ರ ಏನೋ ಗೊತ್ತಾಗ್ತೈತಿ. ಇವರಿಗೆ ಪಟ್ಟ ಇಲ್ಲ ಅಂದ್ರ ಏನೂ ಗೊತ್ತಾಗೂದಿಲ್ಲ, ಬಿಚ್ಚಿ ನೋಡೋತನಕ. ಈಗ ಸಂತೋಷ್ ಅವರ ಆ 36ನ್ನ ಬಿಚ್ಚಿ ನೋಡಲಿ?

– ನೋಡ್ರಿ.

– 2015ರ ಡಕಾರ್ ಅಂದ್ರ ಅರ್ಜೆಂಟೀನಾ, ಚಿಲಿ, ಬೊಲಿವಿಯಾ. ಎರಡು ವಾರ, 9000 ಕಿಲೋಮೀಟರಿನ ಆಸುಪಾಸು. ಫೋನಿನ ನಕ್ಷೆ ನೋಡಕೋತ ಹೋಗೋ ಹಂಗಿಲ್ಲ. ಹ್ಯಾಂಡಲ್ ಮ್ಯಾಲಿನ ಡಬ್ಬಿಯೊಳಗ ಕಾಗದದ ಸುರುಳಿ, ಅದರಾಗಿನ ಗುರುತು ನೋಡಕೋತ, ದಿಕ್ಕು ಹಿಡಕೋತ, ಗುಂಡಿ ತಪ್ಪಿಸಕೋತ ಆಗ ಗಾಡಿ ಓಡಿಸಬೇಕಿತ್ತು. ಮ್ಯಾರಥಾನ್ ಹಂತ ಅಂತ ಬರ್ತೈತಿ, ಆ ರಾತ್ರಿ ಮೆಕ್ಯಾನಿಕ್ ಹತ್ರ ಸುಳಿಯೋ ಹಂಗಿಲ್ಲ, ಏನು ಕೆಟ್ರೂ ಓಡಿಸಿದಾವನ ರಿಪೇರಿ ಮಾಡಿಕೊಳ್ಳಬೇಕು. ಆ ವರ್ಷ ಬೊಲಿವಿಯಾದ ಉಯೂನಿ ಉಪ್ಪಿನ ಬಯಲಿನ್ಯಾಗ ಮಳಿ ನೀರು ನಿಂತಿತ್ತು. ಉಪ್ಪುನೀರು ಹೊಕ್ಕು ದೊಡ್ಡ ದೊಡ್ಡ ಕಾರ್ಖಾನೆ ತಂಡದ ಬೈಕುಗಳೇ ಕೆಟ್ಟು ನಿಂತ್ವು. ಎಂಜಿನ್ ಬಿಚ್ಚಿ ಕಟ್ಟಿದ ಕೈ ನಂದು, ವೈರಿನ ಸಂದಿಯೊಳಗ ಉಪ್ಪು ಕುಂತ್ರ ಏನಾಗ್ತೈತಿ ಅಂತ ನನಗ ಗೊತ್ತು. ಅಂಥಾ ರ‍್ಯಾಲಿಗೆ ನಮ್ಮ ದೇಶದಿಂದ ಮೊದಲು ಹೋದಾವ, ಮೊದಲು ಮುಗಿಸಿದಾವ ಸಂತೋಷ್. ಹೋಗೋ ಮುಂದ ಏನು ಕಾದೈತಿ ಅಂತ ಹೇಳಾಕ ನಮ್ಮವರು ಒಬ್ಬರೂ ಇದ್ದಿಲ್ಲ. ಮುಂದ 2017ಕ್ಕ ಹೀರೊ ತಂಡ ಡಕಾರಿಗೆ ಇಳೀತು, ಅದರ ಭಾರತೀಯ ಸವಾರ ಇವರೇ. ಅದೇ ವರ್ಷ ಉಡುಪಿಯ ಕೆ.ಪಿ. ಅರವಿಂದ್ ಶೆರ್ಕೊ ಟಿವಿಎಸ್ ತಂಡದಿಂದ ಹೋದ್ರು. ಎರಡು ಸಲ ಅರ್ಧಕ್ಕ ನಿಂತು 2019ರಾಗ 37ನೇ ಸ್ಥಾನದಾಗ ಮುಗಿಸಿದ್ರು. 2024ರಾಗ ಕೇರಳದ ಹರಿತ್ ನೋವಾ ರ‍್ಯಾಲಿ-2 ವಿಭಾಗಾನ ಗೆದ್ದ, ಒಟ್ಟಿನ್ಯಾಗ 11ನೇ ಸ್ಥಾನ. 36ರಿಂದ 11ಕ್ಕ ಬರಾಕ ಈ ದೇಶಕ್ಕ 9 ವರ್ಷ ಸಾಕಾದ್ವು. ಆ 9 ವರ್ಷದ ಲೆಕ್ಕ 36ರಿಂದ ಶುರು ಆಗ್ತೈತಿ. 2021ರ ಜನವರಿ 6ಕ್ಕ ಸೌದಿಯೊಳಗ ಬಿದ್ದು, ತಲಿಗೆ ಪೆಟ್ಟಾಗಿ, ಡಾಕ್ಟರು ಔಷಧ ಕೊಟ್ಟು ಎಚ್ಚರ ತಪ್ಪಿಸಿ ಇಡಬೇಕಾತು. ಅದು ಅವರ ಏಳನೇ ಡಕಾರ್.

– ಅದು ಗೊತ್ತು ಮಾಮಾ. ಆ ಸುದ್ದಿ ಬಂದ ದಿನ ನಮ್ಮ ಬೈಕಿನ ಗೆಳೆಯರೊಳಗ ಯಾರೂ ಊಟ ಮಾಡಲಿಲ್ಲ. ಕೋಲಾರದ ಕಡೆ ಅವರು ಕಟ್ಟಿದ ಬಿಗ್‌ರಾಕ್ ಮಣ್ಣಿನ ಹಾದ್ಯಾಗ ನಾನೂ ಓಡಿಸೀನಿ, ಬಿದ್ದೀನಿ. ಆದ್ರ ಒಂದು ಮಾತು. ನೀವು ಹೇಳಿದ್ದೆಲ್ಲಾ ಮೊದಲಿಗರ ಗುಣ. ಮೊದಲಿಗರು ಅಂದ್ರ ಶ್ರೇಷ್ಠರು ಅಂತ ಹೆಂಗಾತು? ಅವರ ದಾರಿ ಹಿಡಿದು ಹೋದಾವ ಅವರಿಗಿಂತ ಚಲೋ ಓಡಿಸಿದ್ರ, ಓಡಿಸೋದರಾಗ ದೊಡ್ಡಾವ ಆ ಹಿಂದಿನವನ.

– ಓಡಿಸೋದರಾಗ, ಹೌದು. ಹರಿತ್ ನೋವಾ ಹೆಚ್ಚು ಜೋರು ಓಡಿಸ್ತಾನ, ಅದರಾಗ ವಾದ ಇಲ್ಲ. ಆದ್ರ ನಾ ದೊಡ್ಡಸ್ತಿಕಿ ಅನ್ನೋದು ಜೋರಿಗಲ್ಲ. ಇದ್ದ ಗಾಡಿ, ಇದ್ದ ರೊಕ್ಕ, ಇದ್ದ ತಿಳುವಳಿಕಿ ಇಟಗೊಂಡು ಎಷ್ಟು ದೂರ ಹೋದ್ರು ಅನ್ನೋದಕ್ಕ. ಸೊನ್ನಿಯಿಂದ 36, 36ರಿಂದ 11, ಯಾವುದು ದೂರ?

– ನೀವು ದೂರ ಅಳಿತೀರಿ, ನಾ ಕೈ ಅಳಿತೀನಿ. ಇಲ್ಲಿ ನಮ್ಮಿಬ್ಬರದು ಕೂಡೂದಿಲ್ಲ.

– ಬ್ಯಾಡ, ಕೂಡದಿದ್ರ ಬ್ಯಾಡ. ಹಂಗಾದ್ರ ನಿನ್ನ ಅಳತಿಯೊಳಗ ಹೇಳು. ಐಶ್ವರ್ಯಾ ಓಡಿಸಿದ ನಾಕು ರೇಸಿನೊಳಗ ಒಂದೇ ಒಂದು ಕಣ್ಣಾರೆ ನೋಡಾಕ ಸಿಗ್ತೈತಿ ಅಂದ್ರ ಯಾವುದು ನೋಡ್ತಿ? ದುಬೈ?

– ಅಲ್ಲ. ಹಂಗೇರಿ. ಅದು ಕಡೀ ರೇಸು. ಪಟ್ಟ ಕೈಯಾಗ ಬರೋದೂ ಅದರಾಗ, ಜಾರೋದೂ ಅದರಾಗ. ಜೋರು ಹೋದ್ರ ಬೀಳೋ ಭಯ, ಬಿದ್ರ ವರ್ಷಾನ ಹೋತು. ಮೆತ್ತಗ ಹೋದ್ರ ವಿಯೇರಾ ಅಂಕ ಏರ್ತಾವ. ಒಂದು ವರ್ಷದ ಹಿಂದ ಆಸ್ಪತ್ರಿಯೊಳಗ ಮಲಗಿದ್ದ ಮೈ. ಎಲ್ಲಿ ಬಿಡಬೇಕು, ಎಲ್ಲಿ ಹಿಡಿಬೇಕು ಅಂತ ಪ್ರತಿ ಕಲ್ಲಿಗೂ ತೀರ್ಮಾನ ಮಾಡಕೋತ ಹೋಗಬೇಕು. ಗೆಲ್ಲಬೇಕು ಅನ್ನೋ ಆಸಿ ಅದುಮಿ ನಾಲ್ಕನೇ ಸ್ಥಾನದಾಗ ಮುಗಿಸೋದು ಐತಲ್ಲ, ಬೈಕ್ ಹತ್ತಿದವರಿಗೆ ಗೊತ್ತು ಅದು ಎಷ್ಟು ಕಠಿಣ ಅಂತ. ಅದನ್ನ ನೋಡಬೇಕು ನನಗ.

– ಹಂಗಾದ್ರ ನೀನೂ ಪಟ್ಟ ನೋಡಾಕ ಹತ್ತಿಲ್ಲ ಅವ್ವಾ. ಒಂದು ನಾಲ್ಕನೇ ಸ್ಥಾನ ನೋಡಾಕ ಹತ್ತಿದಿ. ಸಂತೋಷ್ ಅವರ 36 ನೋಡಿ ನಾ ಹೇಳಿದ್ದೂ ಅದ.

– ಖರೆ. ಆದ್ರ ಆ ನಾಲ್ಕನೇ ಸ್ಥಾನದ ಕಡೆ ಹೊರಳಿ ನೋಡಬೇಕು ಅಂತ ನನಗ ಗೊತ್ತಾದ್ದು ಹೆಂಗ? ಮರುದಿನ ಪೇಪರಿನ್ಯಾಗ ವಿಶ್ವ ಚಾಂಪಿಯನ್ ಅಂತ ಬಂತು, ಅದಕ್ಕ. ಬರೀ ನಾಲ್ಕನೇ ಸ್ಥಾನ ಅಂತ ಇದ್ದಿದ್ರ ಯಾರೂ ಅಚ್ಚು ಹಾಕ್ತಿದ್ದಿಲ್ಲ, ಇಳಕಲ್ಲಿನ್ಯಾಗ ನಾ ಓದ್ತಿದ್ದಿಲ್ಲ, ಬೈಕ್ ಕಲಿಯಾಕ ರೊಕ್ಕ ಕೊಡು ಅಂತ ಅಪ್ಪನ ಮುಂದ ಆ ಪೇಪರ್ ಹಿಡಕೊಂಡು ನಿಲ್ತಿದ್ದಿಲ್ಲ.